ಗುಜರಿಗೆ ಹಾಕುವ ಮುನ್ನ: ಹಳೆಯ ಯಂತ್ರಗಳ ವಿಲೇವಾರಿ ಮತ್ತು ಲೆಕ್ಕಪತ್ರ

ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳ ಗೋದಾಮುಗಳಲ್ಲಿ ಹಳೆಯ ಟ್ರ್ಯಾಕ್ಟರ್, ರಾಶಿ ಯಂತ್ರ, ಡೀಸೆಲ್ ಇಂಜಿನ್‌ಗಳು ಕೆಲಸವಿಲ್ಲದೆ ಜಾಗ ಹಿಡಿದು ನಿಂತಿರುವುದುಂಟು. ಎಲ್ಲವನ್ನೂ ಒಟ್ಟಾಗಿ ತೂಕಕ್ಕೆ ಹಾಕುವುದು ಸುಲಭ, ಆದರೆ ಲಾಭದಾಯಕವಲ್ಲ. ದುರಸ್ತಿಯಾಗಬಲ್ಲ ಯಂತ್ರ, ಮಾರಬಹುದಾದ ಬಿಡಿಭಾಗ, ಬರಿಯ ಕಬ್ಬಿಣ ಎಂದು ಮೊದಲು ವಿಂಗಡಿಸಿ, ಆಸ್ತಿ ವಹಿಯೊಂದಿಗೆ ತಾಳೆ ನೋಡತಕ್ಕದ್ದು. ಸೋಲಾಪುರ–ಹೈದರಾಬಾದ್ ಹೆದ್ದಾರಿ ಸಮೀಪವಿರುವುದರಿಂದ ಎರಡೂ ಕಡೆಯ ಖರೀದಿದಾರರ ದರ ವಿಚಾರಿಸಬಹುದು.

ಸವಕಳಿ ಪಡೆದ ಯಂತ್ರದ ಮಾರಾಟದ ಹಣವು ಆದಾಯ ತೆರಿಗೆಯ ದೃಷ್ಟಿಯಲ್ಲಿ ಪೂರ್ತಿ ಲಾಭವಲ್ಲ. ಅದನ್ನು ಆಸ್ತಿ ಸಮೂಹದ ಉಳಿಕೆ ಮೌಲ್ಯದಿಂದ ಕಳೆಯಬೇಕು. ಉದಾಹರಣೆಗೆ, ಶೇ. 15ರ ಸಮೂಹದ ಉಳಿಕೆ ಮೌಲ್ಯ 1,00,000 ರೂ. ಇದ್ದು, ಕೆಲವು ಯಂತ್ರಗಳು 60,000 ರೂ.ಗೆ ಮಾರಾಟವಾದರೆ, ಉಳಿದ 40,000 ರೂ. ಮೇಲೆ 6,000 ರೂ. ಸವಕಳಿ ದೊರೆಯುತ್ತದೆ. 1,20,000 ರೂ. ಬಂದರೆ ಹೆಚ್ಚಿನ 20,000 ರೂ. ಅಲ್ಪಾವಧಿ ಬಂಡವಾಳ ಲಾಭವೆನಿಸುತ್ತದೆ. ಮಾರಾಟವನ್ನು ವಹಿಯಲ್ಲಿ ತೋರಿಸದಿದ್ದರೆ, ಕೈಬಿಟ್ಟುಹೋದ ಯಂತ್ರದ ಮೇಲೂ ಸವಕಳಿ ಪಡೆದಂತಾಗಿ ತೆರಿಗೆ, ಬಡ್ಡಿ, ದಂಡಗಳಿಗೆ ದಾರಿಯಾಗುತ್ತದೆ.

ನೋಂದಾಯಿತ ವರ್ತಕನು ಇಂತಹ ಮಾರಾಟಕ್ಕೂ ಜಿ.ಎಸ್.ಟಿ. ಬಿಲ್ಲು ನೀಡಬೇಕು. ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವರ್ತಕನೇ 2024ರ ಅಕ್ಟೋಬರ್ 10ರಿಂದ ತೆರಿಗೆ ಪಾವತಿಸಬೇಕಾಗಿದೆ.

ಟ್ರ್ಯಾಕ್ಟರ್ ಶಾಶ್ವತವಾಗಿ ನಿರುಪಯುಕ್ತವಾದರೆ, 1988ರ ಮೋಟಾರು ವಾಹನ ಕಾಯಿದೆಯ 55ನೇ ಕಲಮಿನಂತೆ ಮಾಲೀಕನು 14 ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ನೋಂದಣಿ ಪತ್ರ ಒಪ್ಪಿಸಬೇಕು. ಇಲ್ಲವಾದರೆ ವಾಹನ ಚೂರಾದರೂ ಕಾಗದದ ಮೇಲೆ ಮಾಲೀಕತ್ವ ಉಳಿಯುತ್ತದೆ. ತೂಕದ ಚೀಟಿ, ಬಿಲ್ಲು, ಬ್ಯಾಂಕ್ ಜಮೆ ಈ ಮೂರೂ ಒಂದಕ್ಕೊಂದು ಹೊಂದಿದಾಗಲೇ ಗೋದಾಮು ನಿಜವಾಗಿ ಖಾಲಿಯಾದಂತೆ.