ಶಕಟರೇಫವೂ ಗಣಕಯಂತ್ರದ ಫಾಂಟೂ

ಹರಿಹರದ ಹರಿಹರೇಶ್ವರ ದೇವಾಲಯವು 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನಿಂದ ನಿರ್ಮಿತವಾದುದು. ಶಾಸನಗಳಿಗೆ ಅಲ್ಲಿ ಕೊರತೆಯಿಲ್ಲ. ಪ್ರಾಚೀನ ಶಾಸನಪಾಠವೊಂದನ್ನು ದಾವಣಗೆರೆಯ ವಿದ್ಯಾರ್ಥಿಯು ಲಿನಕ್ಸ್ ಗಣಕಯಂತ್ರದ ಜಿಎಡಿಟ್ ಎಂಬ ಬರಹ ಸಂಪಾದಕದಲ್ಲಿ ಬೆರಳಚ್ಚಿಸತೊಡಗಿದನೆನ್ನೋಣ. ಶಕಟರೇಫವಾದ ಱ, ರಳವೆಂಬ ೞ ಬಂದೆಡೆ ಅಕ್ಷರದ ಗಾತ್ರ, ದಪ್ಪಗಳು ಪಕ್ಕದವುಗಳಿಗೆ ಹೊಂದದೆ ಹೋಗಬಹುದು. ಕೆಲವೊಮ್ಮೆ ಬರಿಯ ಚೌಕವೇ ಕಾಣಬಹುದು.

ಆಯ್ದ ಫಾಂಟಿನಲ್ಲಿ ಆ ಅಕ್ಷರವಿಲ್ಲದಾಗ, ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆಯು ಬೇರೊಂದು ಫಾಂಟನ್ನು ಸೂಚಿಸಿ ಅಷ್ಟನ್ನು ಮಾತ್ರ ಅದರಿಂದ ಕಡ ತರಿಸುತ್ತದೆ. ಎಲ್ಲಿಯೂ ದೊರೆಯದಿದ್ದರೆ ಚೌಕ. ಇಲ್ಲಿ ಕೆಟ್ಟಿರುವುದು ತೋರಿಕೆಯೇ ಹೊರತು ಪಾಠವಲ್ಲ. ಇದನ್ನರಿಯದೆ ಅಂದಕ್ಕಾಗಿ ಱಕಾರವನ್ನು ಅಳಿಸಿ ರಕಾರವನ್ನಿಟ್ಟರೆ ಅನರ್ಥವಾದೀತು: ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು!

ಮೊದಲು ಸಂಪಾದಕದ ಆದ್ಯತೆಗಳನ್ನು ತೆರೆದು ನೋಡಬೇಕು. ‘ವ್ಯವಸ್ಥೆಯ ಸಮಾನ ಅಗಲದ ಫಾಂಟ್’ ಎಂಬ ಆಯ್ಕೆಗೆ ಗುರುತು ಬಿದ್ದಿದ್ದರೆ ಬಳಕೆದಾರನು ಆರಿಸಿದ ಫಾಂಟು ನಡೆಯದು; ಅಂತಹ ಫಾಂಟುಗಳಲ್ಲಿ ಕನ್ನಡವಿರುವುದೇ ಅಪರೂಪ. ಗುರುತನ್ನು ತೆಗೆದು, ಈ ಎರಡು ಅಕ್ಷರಗಳನ್ನೂ ಒಳಗೊಂಡ ನೋಟೊ ಸಾನ್ಸ್ ಕನ್ನಡವನ್ನು ಆರಿಸಿದರೆ ಸಾಲು ಏಕರೂಪವಾಗುತ್ತದೆ. ಆ ಫಾಂಟು ಯಂತ್ರದಲ್ಲಿಲ್ಲದಿದ್ದರೆ ಮೊದಲು ಸ್ಥಾಪಿಸಿಕೊಳ್ಳಬೇಕು.

ೞಕಾರದ ಸಂಕಟವಾದರೋ ಇನ್ನೂ ಹಳೆಯದು. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಮಾತ್ರ ಸೇರಿಸಿದ್ದಾರೆ.