ಕಾರಿನೊಳಗಿನ ಸಿಮ್: ವಿದ್ಯುತ್ ಕಾರಿನ ಇಂಟರ್ನೆಟ್ ಮತ್ತು ಡೇಟಾ ಪ್ಲ್ಯಾನ್



ಹಸಿರು ನಂಬರ್ ಪ್ಲೇಟಿನ ವಾಹನಗಳು ಈಗ ನಮ್ಮ ರಸ್ತೆಗಳಿಗೂ ಹೊಸತಲ್ಲ. ವಿದ್ಯುತ್ ಕಾರು ಎಂದರೆ ಬ್ಯಾಟರಿ ಮತ್ತು ಮೋಟಾರು ಎಂದು ಎಲ್ಲರಿಗೂ ಗೊತ್ತು. ಆದರೆ ಇಂದಿನ ಬಹುತೇಕ ವಿದ್ಯುತ್ ಕಾರುಗಳಲ್ಲಿ ಮೂರನೆಯ ಭಾಗವೊಂದಿದೆ: ಇಂಟರ್ನೆಟ್ ಸಂಪರ್ಕ. ಅದು ಏಕೆ ಬೇಕು, ಹೇಗೆ ಕೆಲಸ ಮಾಡುತ್ತದೆ, ಅದರ ಪ್ಲ್ಯಾನ್ ಮುಗಿದರೆ ಏನಾಗುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ. ಮುಂದೆ ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಕಾರು ಕೊಳ್ಳುವಾಗ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾಗಬೇಕು.

1. ಕಾರಿಗೆ ಇಂಟರ್ನೆಟ್ ಏಕೆ?

ಪೆಟ್ರೋಲ್ ಕಾರಿನ ಚಾಲಕನಿಗೆ ಟ್ಯಾಂಕಿನ ಮುಳ್ಳು ಸಾಕು. ಬಂಕ್ ಎಲ್ಲಿಯಾದರೂ ಸಿಗುತ್ತದೆ. ವಿದ್ಯುತ್ ಕಾರಿನ ಚಾಲಕನಿಗೆ ಇನ್ನಷ್ಟು ತಿಳಿಯಬೇಕು. ಉಳಿದ ಚಾರ್ಜ್ ಎಷ್ಟು ದೂರಕ್ಕೆ ಸಾಕು? ಮುಂದಿನ ಚಾರ್ಜಿಂಗ್ ಕೇಂದ್ರ ಎಲ್ಲಿದೆ? ಅದು ಖಾಲಿ ಇದೆಯೇ? ಬ್ಯಾಟರಿಯ ಪ್ರತಿಯೊಂದು ಭಾಗದ ವೋಲ್ಟೇಜ್ ಮತ್ತು ಉಷ್ಣತೆಯನ್ನು ಒಂದು ಸಣ್ಣ ಕಂಪ್ಯೂಟರ್ ಸದಾ ಗಮನಿಸುತ್ತಿರುತ್ತದೆ. ಈ ಮಾಹಿತಿಯನ್ನು ಕಂಪನಿಗೆ ಮತ್ತು ಮಾಲೀಕನ ಮೊಬೈಲಿಗೆ ತಲುಪಿಸುವುದು, ಕಂಪನಿಯಿಂದ ಹೊಸ ಸಾಫ್ಟ್‌ವೇರ್ ಪಡೆಯುವುದು, ಇವೆರಡೂ ನಿಸ್ತಂತು ಸಂಪರ್ಕದ ಕೆಲಸ.

2. ಬೆಂಗಳೂರಿನ ಉದಾಹರಣೆ

ಈ ವಿಚಾರದ ಆರಂಭದ ಉದಾಹರಣೆಗಳಲ್ಲಿ ಒಂದು ನಮ್ಮ ರಾಜ್ಯದ್ದೇ. ಚೇತನ್ ಮೈನಿ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಈ ಕಂಪನಿ 'ರಿವೈವ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಚಾರ್ಜ್ ಮುಗಿಯುವ ಹಂತದಲ್ಲಿ ಚಾಲಕ ಸಹಾಯ ಕೇಂದ್ರಕ್ಕೆ ಕರೆ ಮಾಡಬೇಕು ಅಥವಾ ಸಂದೇಶ ಕಳಿಸಬೇಕು. ಕೇಂದ್ರವು ಕಾರಿನ ಬ್ಯಾಟರಿ ಸ್ಥಿತಿಯನ್ನು ದೂರದಿಂದಲೇ ನೋಡಿ, ಇನ್ನಷ್ಟು ದೂರ ಹೋಗಲು ಅನುಮತಿ ನೀಡುತ್ತದೆ. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಬಹುಪಾಲು ಷೇರು ಕೊಂಡಿತು. 2013ರಲ್ಲಿ ಬಂದ ಇ2ಒ ಕಾರಿನಲ್ಲಿ ಈ ಸೌಲಭ್ಯ ಇತ್ತು. ಮೊಬೈಲ್ ಆ್ಯಪ್‌ನಿಂದ ಚಾರ್ಜ್ ನೋಡುವ ಮತ್ತು ಎಸಿ ಹಾಕುವ ಅನುಕೂಲವೂ ಅದರಲ್ಲಿತ್ತು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಆ ಸಂದೇಶ ಬ್ಯಾಟರಿಗೆ ವಿದ್ಯುತ್ ತುಂಬಲಿಲ್ಲ. ತುಂಬಲು ಸಾಧ್ಯವೂ ಇಲ್ಲ. ಕಾಯ್ದಿಟ್ಟಿದ್ದ ವಿದ್ಯುತ್ತು ಕಾರಿನಲ್ಲೇ ಇತ್ತು. ಸಂದೇಶ ಅದರ ಬೀಗ ತೆಗೆಯಿತು. ಅಂದರೆ ಕಾರು ನಿಮ್ಮದು, ಒಂದು ಬೀಗದ ಕೈ ಮಾತ್ರ ದೂರದ ಕೇಂದ್ರದ್ದು. ಸಂಪರ್ಕವಿರುವ ಎಲ್ಲ ಕಾರುಗಳನ್ನೂ ಅರ್ಥಮಾಡಿಕೊಳ್ಳಲು ಈ ಒಂದು ಮಾತು ನೆನಪಿಟ್ಟರೆ ಸಾಕು.

3. ಸಂದೇಶ ಹೋಗುವ ದಾರಿ

ಕಾರಿನೊಳಗೆ ಟೆಲಿಮ್ಯಾಟಿಕ್ಸ್ ಎಂಬ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಉಪಗ್ರಹದಿಂದ ಸ್ಥಳ ತಿಳಿಯುವ ಜಿಪಿಎಸ್, ಮೊಬೈಲ್ ಮೋಡೆಮ್ ಮತ್ತು ಸಿಮ್ ಇವೆ. ಈ ಸಿಮ್ ಸಾಮಾನ್ಯವಾಗಿ ಬೆಸುಗೆ ಹಾಕಿದ ಇ-ಸಿಮ್. ನಾವು ತೆಗೆದು ಬದಲಿಸುವಂತಿಲ್ಲ. ಭಾರತದಲ್ಲಿ ಯಂತ್ರದಿಂದ ಯಂತ್ರಕ್ಕೆ ಬಳಸುವ ಸಿಮ್‌ಗಳಿಗೆ 2018ರ ಜುಲೈನಿಂದ 13 ಅಂಕಿಯ ಸಂಖ್ಯೆ ಪದ್ಧತಿ ಬಂದಿದೆ. ನಮ್ಮ ಫೋನಿನದು 10 ಅಂಕಿ.

ಕಾರಿನ ಚಾವಣಿಯ ಮೇಲೆ ಮೀನಿನ ರೆಕ್ಕೆಯಂಥ ಸಣ್ಣ ಆಂಟೆನಾ ನೋಡಿದ್ದೀರಿ. ಅದು ಅಷ್ಟು ಚಿಕ್ಕದೇಕೆ? ನಮ್ಮ ಭೌತಶಾಸ್ತ್ರದ ಸೂತ್ರ: ವೇಗ = ಆವೃತ್ತಿ × ತರಂಗದೂರ. 4ಜಿಯ ಒಂದು ಪ್ರಮುಖ ಆವೃತ್ತಿ 1800 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 180 ಕೋಟಿ ಕಂಪನ. ಬೆಳಕಿನ ವೇಗ ಸೆಕೆಂಡಿಗೆ 30 ಕೋಟಿ ಮೀಟರ್. 30 ÷ 180 = 0.167 ಮೀಟರ್, ಸುಮಾರು 16.7 ಸೆಂ.ಮೀ. ಕಾಲು ತರಂಗದೂರದ ಆಂಟೆನಾ ಸಾಕಾದ್ದರಿಂದ ಉದ್ದ ಸುಮಾರು 4.2 ಸೆಂ.ಮೀ. ಅಷ್ಟೇ.

4. ಎಷ್ಟು ಡೇಟಾ ಬೇಕು?

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಕಾರು 10 ಸೆಕೆಂಡಿಗೊಮ್ಮೆ 1 ಕೆಬಿ ಸಂದೇಶ ಕಳಿಸುತ್ತದೆ, ದಿನಕ್ಕೆ 2 ಗಂಟೆ ಓಡುತ್ತದೆ.

ಗಂಟೆಗೆ 360 ಸಂದೇಶ = 360 ಕೆಬಿ
ದಿನಕ್ಕೆ 720 ಕೆಬಿ
30 ದಿನಕ್ಕೆ 21,600 ಕೆಬಿ = 21.6 ಎಂಬಿ

ಈಗ ಹಾಡು ಕೇಳೋಣ. ಸೆಕೆಂಡಿಗೆ 128 ಕಿಲೋಬಿಟ್ ಎಂದರೆ 16 ಕಿಲೋಬೈಟ್ (8 ಬಿಟ್‌ಗೆ 1 ಬೈಟ್). ಒಂದು ಗಂಟೆಗೆ 57.6 ಎಂಬಿ. ಸೆಕೆಂಡಿಗೆ 2 ಮೆಗಾಬಿಟ್ ವೇಗದ ವಿಡಿಯೊ ಆದರೆ ಗಂಟೆಗೆ 900 ಎಂಬಿ.

ಒಂದು ಗಂಟೆಯ ಹಾಡು ಎರಡೂವರೆ ತಿಂಗಳ ಕಾರಿನ ಸಂದೇಶಗಳನ್ನು ಮೀರಿತು! ಆದ್ದರಿಂದಲೇ ಕಾರಿನ ಮೂಲ ಸಂದೇಶಗಳಿಗೆ ಕಂಪನಿಗಳು ಕೆಲವು ವರ್ಷ ಉಚಿತ ಸಂಪರ್ಕ ಕೊಡಬಲ್ಲವು. ಮನರಂಜನೆಗೆ ಮಾತ್ರ ಹಣ ಕೇಳುತ್ತವೆ. ಅಮೆರಿಕದ ಟೆಸ್ಲಾ ಕಂಪನಿ ಇದೇ ರೀತಿ ಎರಡು ದರ್ಜೆ ಮಾಡಿದೆ. 2022ರ ಜುಲೈ ನಂತರ ಬುಕ್ ಮಾಡಿದ ಕಾರುಗಳಿಗೆ ಸಾಮಾನ್ಯ ಸಂಪರ್ಕ 8 ವರ್ಷ ಉಚಿತ. ವಿಡಿಯೊ, ಹಾಡು ಮುಂತಾದವಕ್ಕೆ ಅಲ್ಲಿ ತಿಂಗಳ ಶುಲ್ಕವಿದೆ. ಹಾಡಿಗಾಗಿಯೇ ಕಾರಿನ ಪ್ಲ್ಯಾನ್ ಕೊಳ್ಳುವ ಮೊದಲು ಯೋಚಿಸಿ: ಜೇಬಿನಲ್ಲಿರುವ ಫೋನಿನ ಹಾಟ್‌ಸ್ಪಾಟ್‌ಗೆ ಈಗಾಗಲೇ ಹಣ ಕೊಟ್ಟಿದ್ದೀರಿ.

5. ಪ್ಲ್ಯಾನ್ ಮುಗಿದರೆ?

ಕಾರು ನಿಲ್ಲುವುದಿಲ್ಲ. ಮೋಟಾರು, ಬ್ರೇಕು, ಮನೆಯ ಚಾರ್ಜಿಂಗ್, ಡ್ಯಾಶ್‌ಬೋರ್ಡಿನ ಚಾರ್ಜ್ ಅಂಕಿ ಎಲ್ಲವೂ ಸಂಪರ್ಕವಿಲ್ಲದೆ ನಡೆಯುತ್ತವೆ. ನಿಲ್ಲುವುದು ಆ್ಯಪ್‌ನಿಂದ ಎಸಿ ಹಾಕುವುದು, ಕಾರು ಎಲ್ಲಿದೆ ಎಂದು ನೋಡುವುದು, ಆನ್‌ಲೈನ್ ನಕ್ಷೆ ಮುಂತಾದವು. ಅಪಘಾತದಲ್ಲಿ ತಾನಾಗಿ ಕರೆ ಮಾಡುವ ಸೌಲಭ್ಯ ಇದ್ದರೆ ಅದೂ ಪ್ಲ್ಯಾನಿಗೆ ಸೇರಿದೆಯೇ ಎಂದು ಕೇಳಲೇಬೇಕು. ಅದು ಮನರಂಜನೆಯಲ್ಲ, ಜೀವದ ಪ್ರಶ್ನೆ.

ಹಣ ಕೊಟ್ಟರೂ ಸಂಪರ್ಕ ಶಾಶ್ವತವಲ್ಲ. ನಿಸಾನ್ ಕಂಪನಿ 2024ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ 2016ರವರೆಗಿನ ಲೀಫ್ ವಿದ್ಯುತ್ ಕಾರುಗಳ ಆ್ಯಪ್ ನಿಲ್ಲಿಸಿತು. ಆ ಕಾರುಗಳ ಮೋಡೆಮ್ 2ಜಿ. 2ಜಿ ಜಾಲವೇ ಅಲ್ಲಿ ಮುಚ್ಚುವ ಹಾದಿಯಲ್ಲಿತ್ತು. ಕಾರು ಓಡುತ್ತಲೇ ಇತ್ತು. ಸಂಪರ್ಕಕ್ಕೆ ಮಾತ್ರ ವಯಸ್ಸಾಗಿತ್ತು.

6. ಸಿಗ್ನಲ್ ಇಲ್ಲದ ದಾರಿ

ನಮ್ಮ ಜಿಲ್ಲೆಯಲ್ಲಿ ಹೊಸಪೇಟೆಯಿಂದ ಕುಷ್ಟಗಿ ದಾಟಿ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಇದೆ. ಗದಗದಿಂದ ಕೊಪ್ಪಳದ ಮೂಲಕ ಹೊಸಪೇಟೆಗೆ ಹೋಗುವ ಹೆದ್ದಾರಿ 67 ಇದೆ. ಹೆದ್ದಾರಿ ಬಿಟ್ಟು ಯಲಬುರ್ಗಾ ಕಡೆಯ ಹೊಲದ ದಾರಿಗೋ ಗಂಗಾವತಿ ಆಚೆಯ ಗುಡ್ಡದ ಮಗ್ಗುಲಿಗೋ ಹೋದಾಗ ಫೋನಿನ ಗೆರೆಗಳು ಕಡಿಮೆಯಾಗುವುದು ನಮಗೆಲ್ಲ ಗೊತ್ತು. ಕಾರಿನ ಸಿಮ್ ಕೂಡ ಅದೇ ಟವರುಗಳನ್ನು ನಂಬಿದೆ. ಸಾರ್ವಜನಿಕ ಚಾರ್ಜರ್‌ಗಳೂ ಸಾಮಾನ್ಯವಾಗಿ ಆ್ಯಪ್ ಮತ್ತು ಆನ್‌ಲೈನ್ ಪಾವತಿಯಿಂದಲೇ ಶುರುವಾಗುತ್ತವೆ. ಆದ್ದರಿಂದ ಪ್ರಯಾಣಕ್ಕೆ ಮುಂಚೆಯೇ ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ, ಚಾರ್ಜರ್ ಇರುವ ಜಾಗ ಬರೆದಿಟ್ಟುಕೊಳ್ಳಿ, ಸ್ವಲ್ಪ ಚಾರ್ಜ್ ಉಳಿಸಿಕೊಂಡೇ ಹೋಗಿ.

7. ಮಾಹಿತಿ ಯಾರ ಕೈಯಲ್ಲಿ?

ಕಾರು ಕಳಿಸುವ ಸಂದೇಶದಲ್ಲಿ ನೀವು ಎಲ್ಲಿಗೆ, ಎಷ್ಟು ಹೊತ್ತಿಗೆ ಹೋದಿರಿ ಎಂಬುದೂ ಇರುತ್ತದೆ. 2016ರಲ್ಲಿ ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ಸುರಕ್ಷತಾ ತಜ್ಞರು ಒಂದು ದೋಷ ಬಯಲು ಮಾಡಿದರು. ಲೀಫ್ ಕಾರಿನ ಗಾಜಿನ ಮೇಲೆ ಕಾಣುವ ಗುರುತು ಸಂಖ್ಯೆ ಗೊತ್ತಿದ್ದರೆ ಸಾಕು, ಬೇರೆ ದೇಶದಿಂದಲೂ ಅದರ ಎಸಿ ಹಾಕಬಹುದಿತ್ತು, ಪ್ರಯಾಣದ ವಿವರ ನೋಡಬಹುದಿತ್ತು. ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಸಂಗ್ರಹಕ್ಕೆ ಒಪ್ಪಿಗೆಯ ನಿಯಮ ತಂದಿದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ವಿಶೇಷವಾಗಿ ಎಚ್ಚರವಹಿಸಬೇಕು. ಆರ್‌ಸಿ ವರ್ಗಾವಣೆಯಾದರೆ ಸಾಲದು. ಹಳೆಯ ಮಾಲೀಕರ ಆ್ಯಪ್ ಖಾತೆಯಿಂದಲೂ ಕಾರನ್ನು ತೆಗೆಸಬೇಕು. ಇಲ್ಲದಿದ್ದರೆ ನಿಮ್ಮ ಕಾರಿನ ಓಡಾಟ ಅವರ ಫೋನಿನಲ್ಲಿ ಕಾಣುತ್ತಲೇ ಇರಬಹುದು.

ಕೊಳ್ಳುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳು

• ಉಚಿತ ಸಂಪರ್ಕ ಎಷ್ಟು ವರ್ಷ? ನಂತರ ವರ್ಷಕ್ಕೆ ಎಷ್ಟು?
• ಪ್ಲ್ಯಾನ್ ಮುಗಿದರೆ ಯಾವ ಸೌಲಭ್ಯ ನಿಲ್ಲುತ್ತದೆ?
• ಮೋಡೆಮ್ 4ಜಿಯೋ 5ಜಿಯೋ?
• ಮಾಹಿತಿ ಯಾರಿಗೆ ಹೋಗುತ್ತದೆ, ಅದನ್ನು ಅಳಿಸಬಹುದೇ?

ಅಭ್ಯಾಸ

1. 900 ಮೆಗಾಹರ್ಟ್ಸ್ ಅಲೆಯ ತರಂಗದೂರ ಎಷ್ಟು?
2. ಒಂದು ಕಾರು 5 ಸೆಕೆಂಡಿಗೊಮ್ಮೆ 2 ಕೆಬಿ ಕಳಿಸಿ, ದಿನಕ್ಕೆ 3 ಗಂಟೆ ಓಡಿದರೆ 30 ದಿನಕ್ಕೆ ಎಷ್ಟು ಡೇಟಾ?
3. ವಾಣಿಜ್ಯ ವಿದ್ಯಾರ್ಥಿಗಳಿಗೆ: ಮೊದಲ 3 ವರ್ಷ ಉಚಿತ, ನಂತರ ವರ್ಷಕ್ಕೆ 3,000 ರೂ. ಎಂದಿಟ್ಟುಕೊಂಡರೆ, 8 ವರ್ಷ ಕಾರು ಬಳಸುವವರಿಗೆ ಸಂಪರ್ಕದ ಒಟ್ಟು ವೆಚ್ಚ ಎಷ್ಟು?

ಉತ್ತರಗಳು: 1. ಸುಮಾರು 33 ಸೆಂ.ಮೀ. 2. 129.6 ಎಂಬಿ. 3. 15,000 ರೂ.