ಕಟ್ಟುವುದು ಮಾಡೆಲ್‌ನಲ್ಲಿ, ತೋರಿಸುವುದು ಲೇಔಟ್‌ನಲ್ಲಿ

ಉಡುಪಿ, ಪುತ್ತೂರು, ದಾವಣಗೆರೆ ಕಡೆಯಿಂದ ಡಿಪ್ಲೊಮಾ ಮುಗಿಸಿ ಕುವೈತಿಗೆ ಬಂದು, ಅಬ್ಬಾಸಿಯಾದಲ್ಲೋ ಮಂಗಾಫ್‌ನಲ್ಲೋ ರೂಮು ಹಿಡಿದು, ದಿನವಿಡೀ ಆಟೋಕ್ಯಾಡ್ ಮುಂದೆ ಕೂರುವ ನಿಮಗೇ ಈ ಮಾತು. ನೀವು ಕೆಲಸಗಳ್ಳರಲ್ಲ, ನನಗೆ ಗೊತ್ತು. ಕೈಯೂ ಚುರುಕಾಗಿದೆ. ಆದರೆ ಮಾಡೆಲ್‌ಗೂ ಲೇಔಟ್‌ಗೂ ಓಡಾಡುವಾಗ ಈಗ ಎಲ್ಲಿದ್ದೇನೆ ಅಂತ ಒಮ್ಮೆಯೂ ನೋಡಿಕೊಳ್ಳುವುದಿಲ್ಲ. ಚೆಕಿಂಗ್‌ಗೆ ಬರುವ ಶೀಟುಗಳ ಮೇಲೆ ನನ್ನ ಕೆಂಪು ಪೆನ್ನು ಹೆಚ್ಚು ಸವೆಯುವುದು ಇದೊಂದೇ ಕಾರಣಕ್ಕೆ.

ಮೊದಲು ಮೂಲದ ವಿಷಯ. ಮಾಡೆಲ್‌ನಲ್ಲಿ ಕಟ್ಟಡ ಇದ್ದ ಅಳತೆಯಲ್ಲೇ ಇರಬೇಕು. 20 ಮೀಟರ್ ಗೋಡೆ ಅಂದರೆ 20,000 ಮಿಲಿಮೀಟರ್, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಬಾರ್ಡರ್, ಟೈಟಲ್ ಬ್ಲಾಕ್, ಶೀಟ್ ನಂಬರ್, ರಿವಿಷನ್ ಪಟ್ಟಿ ಎಲ್ಲ ಲೇಔಟ್‌ಗೆ ಸೇರಿದ್ದು. ಆಟೋಕ್ಯಾಡ್‌ಗೆ ಈ ಕಾಗದದ ಲೋಕ ಬಂದದ್ದು 1990ರ ರಿಲೀಸ್ 11ರಲ್ಲಿ, ಇರಾಕ್ ಕುವೈತಿನೊಳಗೆ ನುಗ್ಗಿದ ಅದೇ ವರ್ಷ. ಆಗ ಒಂದು ಫೈಲಿಗೆ ಒಂದೇ ಕಾಗದ. ಬೇಕಾದಷ್ಟು ಲೇಔಟ್ ಟ್ಯಾಬ್‌ಗಳು ಸಿಕ್ಕಿದ್ದು ಆಟೋಕ್ಯಾಡ್ 2000ದಿಂದ. ರಿಲೀಸ್ 11ಕ್ಕಿಂತ ಹಿಂದಿನವರು ಬಾರ್ಡರನ್ನೇ ನೂರು ಪಟ್ಟು ಹಿಗ್ಗಿಸಿ ಮಾಡೆಲ್‌ನಲ್ಲಿ ಕೂರಿಸುತ್ತಿದ್ದರು; ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗಿದೆ. ಆದರೂ ಹಳೇ ಪ್ರಾಜೆಕ್ಟಿನ ಫೈಲನ್ನು ಕಾಪಿ ಹೊಡೆದು ಅದೇ ಚಾಳಿ ಮುಂದುವರಿಸುತ್ತೀರಲ್ಲ, ಅದಕ್ಕೆ ನನ್ನ ಸಿಟ್ಟು.

ಲೇಔಟ್‌ನ ವ್ಯೂಪೋರ್ಟ್ ಅಂದರೆ ಕಾಗದದಲ್ಲಿ ಕೊರೆದ ಕಿಟಕಿ. ಅದರೊಳಗೆ ಡಬಲ್ ಕ್ಲಿಕ್ ಮಾಡಿದಿರೋ, ಅಂಚು ದಪ್ಪಗಾಗುತ್ತದೆ. ನಿಮ್ಮ ಕೈ ಈಗ ನಿಜವಾದ ಕಟ್ಟಡದ ಮೇಲಿದೆ. ಅಲ್ಲಿ ಒಂದು ಗೆರೆ ಅಳಿಸಿದರೆ ಗೋಡೆಯೇ ಹೋಯಿತು, ಈ ಶೀಟಿನಲ್ಲಷ್ಟೇ ಅಲ್ಲ, ಎಲ್ಲ ಶೀಟಿನಲ್ಲೂ. ಹೊರಗೆ ಡಬಲ್ ಕ್ಲಿಕ್ ಮಾಡಿದರೆ ಕಾಗದದ ಮೇಲೆ ಬಂದಿರಿ, ಮೂಲೆಯಲ್ಲಿ ಸೆಟ್‌ಸ್ಕ್ವೇರ್‌ನಂಥ ತ್ರಿಕೋನ ಕಾಣುತ್ತದೆ. ಕಿಟಕಿ ಶೀಟಿನ ತುಂಬ ಹರಡಿಕೊಂಡು ಹೊರಗೆ ಕ್ಲಿಕ್ ಮಾಡಲು ಜಾಗವೇ ಇಲ್ಲವೆಂದು ಒದ್ದಾಡಬೇಡಿ. ಪಿಎಸ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಒಳಗೆ ಹೋಗಲು ಎಂಎಸ್. ಟ್ಯಾಬ್‌ನಿಂದ ಟ್ಯಾಬ್‌ಗೆ ಕಂಟ್ರೋಲ್ ಜೊತೆ ಪೇಜ್‌ಅಪ್, ಪೇಜ್‌ಡೌನ್. ಮೌಸ್ ಮುಟ್ಟುವ ಮೊದಲು ಕೆಳಗಿನ ಪಟ್ಟಿಯಲ್ಲಿ ಮಾಡೆಲ್ ಎಂದಿದೆಯೋ ಪೇಪರ್ ಎಂದಿದೆಯೋ ಕಣ್ಣಾಡಿಸಿ.

ಇನ್ನು ಲಾಕ್. ಎಷ್ಟು ಸಲ ಹೇಳಬೇಕು? ವ್ಯೂಪೋರ್ಟ್‌ಗೆ 1:100 ಕೊಟ್ಟ ಕ್ಷಣವೇ ಡಿಸ್‌ಪ್ಲೇ ಲಾಕ್ ಹಾಕಿ. ಲಾಕ್ ಇಲ್ಲದೆ ಒಳಗಿದ್ದಾಗ ಮೌಸಿನ ಚಕ್ರ ತುಸು ತಿರುಗಿದರೂ ಸ್ಕೇಲ್ 1:100 ಬಿಟ್ಟು ಬೇರೇನೋ ಆಗಿ ಕೂರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಟೈಟಲ್ ಬ್ಲಾಕ್ ಮಾತ್ರ 1:100 ಅಂತ ಸುಳ್ಳು ಹೇಳುತ್ತಿರುತ್ತದೆ. ಸೈಟಿನಲ್ಲಿ ಫೋರ್‌ಮನ್ ಬಿಸಿಲಲ್ಲಿ ಸ್ಕೇಲ್ ಪಟ್ಟಿ ಇಟ್ಟು ಅಳೆದಾಗ ಬಾಗಿಲಿನ ಅಗಲ ಡೈಮೆನ್ಷನ್‌ಗೆ ಹೊಂದುವುದಿಲ್ಲ. ಬೈಗುಳ ಯಾರಿಗೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಸುಮ್ಮನೆ ಹೇಳಿಲ್ಲ. ಒಂದು ವೇಳೆ ಸ್ಕೇಲ್ ಕದಲಿದ್ದರೆ ಒಳಗೆ ಹೋಗಿ ಜೂಮ್ ಕೊಟ್ಟು 1/100 ಎಕ್ಸ್‌ಪಿ ಅಂತ ಟೈಪ್ ಮಾಡಿ, ಮತ್ತೆ ಲಾಕ್ ಹಾಕಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಇಲ್ಲಿನ ಸೈಟ್ ಪ್ಲಾನ್ ಕೆಟಿಎಂ ಎಂಬ ಕುವೈತಿನ ಸರ್ವೆ ಕೋಆರ್ಡಿನೇಟ್‌ನಲ್ಲಿ ಬರುತ್ತದೆ; ಕುವೈತ್ ನಗರದ ಹತ್ತಿರ ನಾರ್ಥಿಂಗ್ 32 ಲಕ್ಷ ಮೀಟರ್ ದಾಟಿದ ಅಂಕಿ. ಪ್ಲಾಟ್‌ಗಳೋ, ರಸ್ತೆ ಹೋದ ಹಾಗೆ ಓರೆಯಾಗಿ ಮಲಗಿರುತ್ತವೆ. ನೀವೇನು ಮಾಡುತ್ತೀರಿ? ಶೀಟಿನಲ್ಲಿ ವಿಲ್ಲಾ ನೆಟ್ಟಗೆ ಕಾಣಲಿ ಅಂತ ಇಡೀ ಡ್ರಾಯಿಂಗನ್ನೇ ಮೂವ್ ಮಾಡಿ, ರೊಟೇಟ್ ಮಾಡಿ, ಸೊನ್ನೆಗೆ ತಂದಿಡುತ್ತೀರಿ. ಅಲ್ಲಿಗೆ ಸರ್ವೇಯರ್‌ಗೂ ನಿಮಗೂ ಸಂಬಂಧ ಕಡಿಯಿತು. ಒಳಚರಂಡಿಯವರು, ಕರೆಂಟಿನವರು ತಮ್ಮ ಎಕ್ಸ್‌ರೆಫ್ ತಂದು ಕೂರಿಸಿದರೆ ಮ್ಯಾನ್‌ಹೋಲ್ ಅತಿಥಿಗಳು ಕೂರುವ ದಿವಾನಿಯಾದ ನಡುಮಧ್ಯೆ ಬೀಳುತ್ತದೆ. ಆಮೇಲೆ ನೀವು ಹೇಳುವುದು ಅವರ ಫೈಲು ಸರಿಯಿಲ್ಲ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ತಿರುಗಿಸಬೇಕಾದ್ದು ಕಟ್ಟಡವನ್ನಲ್ಲ, ನೋಡುವ ಕಿಟಕಿಯನ್ನು. ವ್ಯೂಪೋರ್ಟ್ ಒಳಗೆ ಹೋಗಿ ಯುಸಿಎಸ್ ಕೊಡಿ, ಆಬ್ಜೆಕ್ಟ್ ಆರಿಸಿ ಪ್ಲಾಟಿನ ಮುಂಭಾಗದ ಗೆರೆ ಮುಟ್ಟಿ. ಆಮೇಲೆ ಪ್ಲಾನ್ ಕಮಾಂಡ್ ಕೊಟ್ಟು ಎಂಟರ್. ಚಿತ್ರ ನೆಟ್ಟಗಾಗುತ್ತದೆ, ಕೋಆರ್ಡಿನೇಟ್ ಒಂದು ಮಿಲಿಮೀಟರೂ ಕದಲುವುದಿಲ್ಲ. ಆದರೆ ಪ್ಲಾನ್ ಕೊಟ್ಟಾಗ ಸ್ಕೇಲ್ ಹಾರಿಹೋಗುತ್ತದೆ, ಹಾಗಾಗಿ ಸ್ಕೇಲ್ ಕೊಡುವುದು ಅದಾದ ಮೇಲೆ, ಲಾಕ್ ಕೊನೆಗೆ. ನಾರ್ತ್ ಬಾಣವನ್ನೂ ಅಷ್ಟೇ ಕೋನಕ್ಕೆ ತಿರುಗಿಸಲು ಮರೆಯಬೇಡಿ. ಬಾಣ ಮೇಲಕ್ಕೇ ನೋಡುತ್ತಿರುವ ಶೀಟು ಬಲದಿಯಾಕ್ಕೆ, ಅಂದರೆ ಮುನಿಸಿಪಾಲಿಟಿಗೆ, ಹೋದರೆ ವಾಪಸ್ ಬಂದೇ ಬರುತ್ತದೆ.

ಲೇಯರ್ ವಿಷಯದಲ್ಲೂ ಇದೇ ಅವಸರ. ಫರ್ನಿಚರ್ ಒಂದು ಶೀಟಿಗೆ ಬೇಡವೆಂದರೆ ವಿಪಿ ಫ್ರೀಜ್ ಕಾಲಮ್ಮಿನಲ್ಲಿ ಒತ್ತಿ. ಸಾದಾ ಫ್ರೀಜ್ ಒತ್ತಿದರೆ ಎಲ್ಲ ಶೀಟಿನಿಂದಲೂ ಮಾಯ. ವ್ಯೂಪೋರ್ಟ್ ಚೌಕಟ್ಟಿಗೆ ಪ್ಲಾಟ್ ಆಗದ ಒಂದು ಲೇಯರ್ ಪ್ರತ್ಯೇಕ ಇಡಿ, ಡೆಫ್‌ಪಾಯಿಂಟ್ಸ್‌ಗೆ ಎಲ್ಲವನ್ನೂ ತುರುಕಬೇಡಿ. ಒಂದೇ ಶೀಟಿನಲ್ಲಿ 1:100 ಪ್ಲಾನೂ 1:20 ಟಾಯ್ಲೆಟ್ ಡೀಟೇಲೂ ಇದ್ದಾಗ ಡ್ಯಾಶ್ ಗೆರೆ ಒಂದರಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಪಿಎಸ್‌ಎಲ್‌ಟಿಸ್ಕೇಲ್ 1 ಇದೆಯೇ ನೋಡಿ, ರೀಜೆನ್‌ಆಲ್ ಕೊಡಿ. ಅಕ್ಷರ ಕಾಗದದ ಮೇಲೆ 2.5 ಮಿಲಿಮೀಟರ್ ಬೇಕಾದರೆ ಮಾಡೆಲ್‌ನಲ್ಲಿ 1:100ಕ್ಕೆ 250, 1:50ಕ್ಕೆ 125. ಈ ಲೆಕ್ಕ ತಲೆಗೆ ಹತ್ತದಿದ್ದರೆ ಅನೊಟೇಟಿವ್ ಬಳಸಿ. ನನಗೆ ಅದರ ಮೇಲೆ ಅಷ್ಟು ಪ್ರೀತಿಯಿಲ್ಲ, ಆದರೆ ಬೇಡ ಅನ್ನುವುದಿಲ್ಲ.

ಪ್ರಿಂಟ್ ಕೊಡುವಾಗ ಲೇಔಟ್‌ನಿಂದ ಯಾವಾಗಲೂ 1:1. ಫಿಟ್ ಟು ಪೇಪರ್ ಗುರುತು ತೆಗೆಯಿರಿ. ಎ1 ಕಾಗದ 841ಕ್ಕೆ 594, ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಹಿಡಿಸದಿದ್ದರೆ ಇನ್ನೊಂದು ಶೀಟು ಮಾಡಿ, ಸ್ಕೇಲನ್ನು 1:110ಕ್ಕೆ ಹಿಂಡಬೇಡಿ. ಎ1 ಶೀಟನ್ನು ಎ3ಗೆ ಇಳಿಸಿದರೆ ಉದ್ದ ಸರಿಯಾಗಿ ಅರ್ಧವಾಗುತ್ತದೆ, 1:100 ಅನ್ನುವುದು 1:200 ಆಗುತ್ತದೆ. ಆದ್ದರಿಂದ ಸ್ಕೇಲ್ ಬರೆಯುವಾಗ ಎ1ಗೆ 1:100 ಅಂತ ಕಾಗದದ ಹೆಸರೂ ಸೇರಿಸಿ, ಕೆಳಗೆ ಒಂದು ಸ್ಕೇಲ್ ಬಾರ್ ಇಡಿ. ಅದು ಕಾಗದದ ಜೊತೆಗೇ ಕುಗ್ಗುತ್ತದೆ, ಮೋಸ ಮಾಡುವುದಿಲ್ಲ.

ಗುರುವಾರ ಸಂಜೆಯ ನಿಮ್ಮ ಗಡಿಬಿಡಿ ನನಗೆ ಗೊತ್ತಿಲ್ಲವೇ? ಶುಕ್ರವಾರ, ಶನಿವಾರ ರಜೆ. ಮನಸ್ಸು ಆಗಲೇ ಸಾಲ್ಮಿಯಾಕ್ಕೆ ಹೊರಟಿರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ. ಬರೀ ಡಿಡಬ್ಲ್ಯುಜಿ ಮೇಲ್ ಮಾಡಿ ಓಡಬೇಡಿ. ಇ-ಟ್ರಾನ್ಸ್‌ಮಿಟ್ ಮಾಡಿ, ಎಕ್ಸ್‌ರೆಫ್, ಫಾಂಟ್, ಸಿಟಿಬಿ ಎಲ್ಲ ಒಟ್ಟಿಗೆ ಹೋಗಲಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಟೈಟಲ್ ಬ್ಲಾಕಿನ ಅರಬ್ಬಿ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಮಾಲೀಕನ ಹೆಸರೂ ಸೇರಿ. ಮೇಲ್ ಹೋಗುವ ಮೊದಲು ಒಂದು ಎ3 ಪ್ರಿಂಟ್ ತೆಗೆದು, ಅರಬ್ಬಿ ಬಲ್ಲ ಈಜಿಪ್ಟಿನ ಇಂಜಿನಿಯರ್ ಒಬ್ಬರಿಂದ ಹೆಸರನ್ನು ಓದಿಸಿ, ಸ್ಕೇಲ್ ಪಟ್ಟಿ ಇಟ್ಟು ನೀವೇ ಒಂದು ಬಾಗಿಲು ಅಳೆದು ನೋಡಿ. ಬಸ್ಸು ಹೋದರೆ ಇನ್ನೊಂದು ಬರುತ್ತದೆ.